ಕಣ್ಣು, ಅದನ್ನು ಆಡಿಸುವ ಸ್ನಾಯುಗಳು, ಅದಕ್ಕೆ ಬರುವ ನರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಿನ ತಪಾಸಣೆಯನ್ನು ವೃತ್ತಿಯಾಗಿ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ಬೆಂಗಳೂರಿನಲ್ಲಿ ಅಂಗರಚನೆಯ ಪಾಠ ಹೇಳುವುದು ನನ್ನ ಕೆಲಸ. ಅವರ ಜೊತೆಯಲ್ಲಿ ಶಾಲೆಗಳಲ್ಲೂ ಬಡಾವಣೆಗಳಲ್ಲೂ ನಡೆಯುವ ನೇತ್ರ ತಪಾಸಣಾ ಶಿಬಿರಗಳಿಗೆ ಹೋದಾಗ ಕೆಲವು ಪ್ರಶ್ನೆಗಳು ವರ್ಷವೂ ತಪ್ಪದೆ ಎದುರಾಗುತ್ತವೆ. ಬಹುತೇಕರು ‘ಪವರ್ ಎಷ್ಟು ಏರಿದೆ’ ಎಂದು ವಿಚಾರಿಸಿ ಹೊರಟುಬಿಡುತ್ತಾರೆ. ಕಣ್ಣುಗುಡ್ಡೆಯ ಹಿಂದೆ, ಮೂಳೆಯ ಗೂಡಿನೊಳಗೆ ದುಡಿಯುವ ಸ್ನಾಯು ಮತ್ತು ನರಗಳ ಸುದ್ದಿಗೆ ಯಾರೂ ಹೋಗುವುದಿಲ್ಲ. ಆದರೆ ತಡವಾಗಿ ಗೊತ್ತಾಗಿ ಕೈಮೀರಿ ಹೋಗುವ ಎಷ್ಟೋ ತೊಂದರೆಗಳು ಮೊದಲು ಸುಳಿವು ಕೊಡುವುದು ಅಲ್ಲಿಂದಲೇ. ಆ ಕಾರಣಕ್ಕೆ ಇಲ್ಲಿನ ಉತ್ತರಗಳಲ್ಲಿ ಸ್ನಾಯು ಮತ್ತು ನರಗಳಿಗೆ ಹೆಚ್ಚು ಜಾಗ ಸಿಕ್ಕಿದೆ.

ಪ್ರಶ್ನೆ: ಕಣ್ಣುಗುಡ್ಡೆ ಎಷ್ಟು ದೊಡ್ಡದು? ಅದರೊಳಗೆ ಏನೇನಿದೆ?

ವಯಸ್ಕರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿ.ಮೀ. ಉದ್ದವಿರುತ್ತದೆ, ತೂಕ ಏಳೆಂಟು ಗ್ರಾಂ. ಕನ್ನಡಿಯಲ್ಲಿ ನಮಗೆ ಕಾಣುವುದು ಅದರ ಸಣ್ಣದೊಂದು ಪಾಲು. ಉಳಿದದ್ದೆಲ್ಲ ಏಳು ಮೂಳೆಗಳು ಸೇರಿ ಆದ ಕಣ್ಣುಗೂಡಿನೊಳಗೆ, ಕೊಬ್ಬಿನ ಮೆತ್ತೆಯ ಮೇಲೆ ಕುಳಿತಿರುತ್ತದೆ.

ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಚಿತ್ರ ತೋರಿಸುವುದಕ್ಕಿಂತ ಮೊದಲು ಶಿವಾಜಿನಗರದ ಮಾಂಸದಂಗಡಿಯಿಂದ ತರಿಸಿದ ಮೇಕೆಯ ಕಣ್ಣನ್ನು ಕೈಗೆ ಕೊಡುತ್ತೇವೆ. ಬಿಳಿಗುಡ್ಡೆ ನೆನೆಸಿಟ್ಟ ಚರ್ಮದಷ್ಟು ಗಟ್ಟಿಯಾಗಿರುವುದರಿಂದ ಚಾಕು ಮೊದಲ ಸಲ ಜಾರಿಯೇ ಜಾರುತ್ತದೆ. ಮುಂಭಾಗದ ಪಾರದರ್ಶಕ ಪಟಲವನ್ನು, ಅಂದರೆ ಕಾರ್ನಿಯಾವನ್ನು, ಕೊಯ್ದ ಕೂಡಲೇ ನೀರಿನಂಥ ದ್ರವ ಹೊರಗೆ ಬರುತ್ತದೆ. ಅದರ ಹಿಂದೆ ನಡುವೆ ತೂತಿರುವ ಬಣ್ಣದ ಪರದೆ ಇದೆ. ಆ ಪರದೆಯೇ ಐರಿಸ್, ಆ ತೂತೇ ಪಾಪೆ. ಇನ್ನೂ ಹಿಂದಕ್ಕೆ ಹೋದರೆ ಹರಳಿನಂಥ ಮಸೂರ ಸಿಗುತ್ತದೆ. ಅದನ್ನು ತೊಳೆದು ಪತ್ರಿಕೆಯ ಹಾಳೆಯ ಮೇಲಿಟ್ಟರೆ ಕೆಳಗಿನ ಅಕ್ಷರಗಳು ದಪ್ಪಗೆ ಕಾಣುತ್ತವೆ. ಗುಡ್ಡೆಯ ಬಹುಭಾಗವನ್ನು ತುಂಬಿರುವುದು ತಾಟಿನಿಂಗಿನ ತಿರುಳನ್ನು ನೆನಪಿಸುವ ಲೋಳೆ, ಅದರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಪಾಲು ನೀರೇ. ಈ ಲೋಳೆ ಜಾರಿಹೋದ ಮೇಲೆ ಒಳಗೋಡೆಯಿಂದ ಹಾಲಿನ ಕೆನೆಯಂತೆ ಸುಕ್ಕಾಗಿ ಕಳಚಿಕೊಳ್ಳುವ ಪೊರೆಯೇ ಅಕ್ಷಿಪಟಲ, ರೆಟಿನಾ ಎಂದರೂ ಅದೇ. ಚಿಮಟದಿಂದ ಎಳೆದಾಗ ಅದು ಹಿಂಭಾಗದ ಒಂದು ಚುಕ್ಕೆಯಲ್ಲಿ ಮಾತ್ರ ಬಿಡದೆ ಅಂಟಿಕೊಂಡಿರುತ್ತದೆ. ಆ ಚುಕ್ಕೆಯಲ್ಲಿಯೇ ಅದರ ಎಳೆಗಳೆಲ್ಲ ಒಟ್ಟಾಗಿ ದೃಷ್ಟಿನರವಾಗಿ ಹೊರಬೀಳುತ್ತವೆ.

ಮೇಕೆಯ ಕಣ್ಣಿನಲ್ಲಿ ಇದ್ದು ನಮ್ಮಲ್ಲಿ ಇಲ್ಲದ ಒಂದು ಸಂಗತಿಯನ್ನು ಹೇಳಲೇಬೇಕು. ಅದರ ಅಕ್ಷಿಪಟಲದ ಹಿಂದೆ ನೀಲಿ-ಹಸಿರು ಬಣ್ಣದ ಹೊಳೆಯುವ ಪದರವೊಂದಿದ್ದು, ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ರಾತ್ರಿ ವಾಹನದ ದೀಪ ಬಿದ್ದಾಗ ಬೀದಿನಾಯಿಯ, ಹಸುವಿನ, ಬೆಕ್ಕಿನ ಕಣ್ಣು ಮಿನುಗುವುದು ಇಂಥ ಪದರದಿಂದಲೇ. ಮನುಷ್ಯನ ಕಣ್ಣಿನ ಒಳಗೋಡೆ ಕಂದುಬಣ್ಣದ್ದು. ಅದು ಬೆಳಕನ್ನು ಹೀರಿಕೊಳ್ಳುತ್ತದೆ.

ಪ್ರಶ್ನೆ: ನೇತ್ರದಾನದಲ್ಲಿ ಇಡೀ ಕಣ್ಣನ್ನು ಇನ್ನೊಬ್ಬರಿಗೆ ಜೋಡಿಸುತ್ತಾರೆಯೇ?

ಇಲ್ಲ. ಕಸಿ ಮಾಡುವುದು ಕಾರ್ನಿಯಾವನ್ನು ಮಾತ್ರ. ಇದು ಕನ್ನಡಿಗರಿಗೆ ಹತ್ತಿರದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಅಗಲಿದಾಗಲೂ ಕುಟುಂಬದವರು ಅದನ್ನೇ ಮಾಡಿದರು. ಪುನೀತ್ ಅವರ ಎರಡು ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಆಗ ಎಷ್ಟೋ ಜನ ನನ್ನನ್ನು ಕೇಳಿದ್ದರು. ಅದರ ಉತ್ತರ ಕಾರ್ನಿಯಾದ ರಚನೆಯಲ್ಲಿದೆ.

ಕಾರ್ನಿಯಾ ನಡುಭಾಗದಲ್ಲಿ ಸುಮಾರು ಅರ್ಧ ಮಿ.ಮೀ. ದಪ್ಪವಿದ್ದು, ಆ ಅರ್ಧ ಮಿ.ಮೀ.ನಲ್ಲೇ ಹಲವು ಪದರಗಳಿವೆ. ನಡುವಿನ ದಪ್ಪ ಪದರವೇ ಸುಮಾರು ಹತ್ತರಲ್ಲಿ ಒಂಬತ್ತು ಪಾಲು. ಅಲ್ಲಿ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಮಗ್ಗದಲ್ಲಿ ಹಾಸಿದ ನೂಲಿನಷ್ಟು ಕ್ರಮವಾಗಿ ಜೋಡಣೆಯಾಗಿರುವುದರಿಂದಲೇ ಕಾರ್ನಿಯಾ ಪಾರದರ್ಶಕ. ಎಲ್ಲಕ್ಕಿಂತ ಒಳಗೆ ಒಂದೇ ಸಾಲು ಜೀವಕೋಶಗಳ ಪದರವಿದ್ದು, ಅದು ಹಗಲಿರುಳೂ ನೀರನ್ನು ಹೊರಗೆ ಹಾಕುತ್ತಾ ಕಾರ್ನಿಯಾ ಊದಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಈ ಜೀವಕೋಶಗಳು ಸತ್ತರೆ ಅವುಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲ. ಕೆಲವರಿಗೆ ಮುಂದಿನ ಪದರಗಳು ಕೆಟ್ಟಿರುತ್ತವೆ, ಇನ್ನು ಕೆಲವರಿಗೆ ಈ ಒಳಪದರ ಮಾತ್ರ. ಆದ್ದರಿಂದ ಶಸ್ತ್ರವೈದ್ಯರು ಒಂದು ಕಾರ್ನಿಯಾವನ್ನು ಸೀಳಿ, ಮುಂಭಾಗವನ್ನು ಒಬ್ಬರಿಗೂ ಹಿಂಭಾಗವನ್ನು ಮತ್ತೊಬ್ಬರಿಗೂ ಹಾಕಬಲ್ಲರು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ದೇಹ ಅದನ್ನು ತಿರಸ್ಕರಿಸುವ ಸಂಭವವೂ ಉಳಿದ ಅಂಗಗಳಿಗಿಂತ ಕಡಿಮೆ. ಇಡೀ ಕಣ್ಣಿನ ಕಸಿಗೆ ಅಡ್ಡಿಯಾಗಿರುವುದು ದೃಷ್ಟಿನರ. ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳಿರುವ ಈ ನರ ಒಮ್ಮೆ ತುಂಡಾದರೆ ಮತ್ತೆ ಬೆಳೆದು ಮೆದುಳನ್ನು ಸೇರುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಮುಖದ ಕಸಿಯ ಜೊತೆಗೆ ಇಡೀ ಕಣ್ಣನ್ನೂ ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿದು ಅದು ಜೀವಂತವಾಗಿ ಉಳಿಯಿತು. ಆದರೆ ದೃಷ್ಟಿ ಬರಲಿಲ್ಲ.

ಮನೆಯಲ್ಲಿ ಸಾವು ಸಂಭವಿಸಿ ದಾನಕ್ಕೆ ಮನಸ್ಸು ಮಾಡಿದರೆ, ತೀರಿಕೊಂಡ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಅವುಗಳ ಮೇಲೆ ಒದ್ದೆ ಹತ್ತಿಯನ್ನಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನನ್ನು ನಿಲ್ಲಿಸಿ. ಫ್ಯಾನಿನ ಗಾಳಿಗೆ ಕಾರ್ನಿಯಾ ಬಹುಬೇಗ ಒಣಗುತ್ತದೆ. ದುಃಖದ ಗಳಿಗೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲವಾದ್ದರಿಂದ ಈಗಲೇ ತಿಳಿದಿರಲಿ.

ಪ್ರಶ್ನೆ: ತಪಾಸಣೆಗೆ ಡ್ರಾಪ್ಸ್ ಹಾಕಿದ ಮೇಲೆ ಬಿಸಿಲು ಕಣ್ಣಿಗೆ ಚುಚ್ಚುವುದೇಕೆ, ಫೋನಿನ ಅಕ್ಷರ ಮಸುಕಾಗುವುದೇಕೆ?

ಐರಿಸ್‌ನಲ್ಲಿ ಎರಡು ಪುಟ್ಟ ಸ್ನಾಯುಗಳಿವೆ. ಪಾಪೆಯ ಸುತ್ತ ಉಂಗುರದಂತಿರುವುದು ಪಾಪೆಯನ್ನು ಕಿರಿದು ಮಾಡುತ್ತದೆ. ಚಕ್ರದ ಕಡ್ಡಿಗಳಂತೆ ಹರಡಿರುವುದು ಹಿಗ್ಗಿಸುತ್ತದೆ. ತಪಾಸಣೆಯ ಔಷಧಿ ಮೊದಲನೆಯದಕ್ಕೆ ಬರುವ ನರದ ಸಂದೇಶವನ್ನು ತಡೆಯುವುದರಿಂದ ಪಾಪೆ ಅಗಲವಾಗಿ ತೆರೆದುಕೊಂಡು ಒಳಗಿನ ಅಕ್ಷಿಪಟಲ ವೈದ್ಯರಿಗೆ ಚೆನ್ನಾಗಿ ಕಾಣುತ್ತದೆ. ಮಸೂರವನ್ನು ಹತ್ತಿರದ ನೋಟಕ್ಕೆ ಹೊಂದಿಸುವ ಸ್ನಾಯುವಿಗೂ ಅದೇ ಬಗೆಯ ನರದೆಳೆಗಳಿಂದಲೇ ಸಂದೇಶ ಬರುವುದರಿಂದ ಅದೂ ಸಡಿಲಾಗಿ, ಕೆಲವು ಗಂಟೆ ಓದಲಾಗದು. ಆ ದಿನ ಸ್ಕೂಟರ್ ಓಡಿಸಿಕೊಂಡು ಬರಬೇಡಿ.

ಉಮ್ಮತ್ತಿ ಗಿಡದಲ್ಲೂ ಇದೇ ಗುಂಪಿನ ರಾಸಾಯನಿಕಗಳಿವೆ. ಶಿವಪೂಜೆಗೆಂದು ಉಮ್ಮತ್ತಿ ಹೂವು ಕಿತ್ತ ಕೈಯಲ್ಲೇ ಕಣ್ಣುಜ್ಜಿಕೊಂಡರೆ ಒಂದೇ ಕಣ್ಣಿನ ಪಾಪೆ ಹಿಗ್ಗಿ ಮನೆಯವರು ಗಾಬರಿಯಾಗಬಹುದು. ಹೂವು ಮುಟ್ಟಿದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿದರೆ ಅನಗತ್ಯವಾದ ಸ್ಕ್ಯಾನ್ ತಪ್ಪೀತು.

ಪ್ರಶ್ನೆ: ಚಾಳೀಸು ಮತ್ತು ಪೊರೆ ಒಂದೇ ಅಲ್ಲವೇ?

ಎರಡೂ ಮಸೂರಕ್ಕೆ ಸಂಬಂಧಿಸಿದವಾದರೂ ಬೇರೆ ಬೇರೆ. ಮಸೂರವನ್ನು ನವಿರಾದ ಎಳೆಗಳು ಸುತ್ತಲಿನ ಉಂಗುರ ಸ್ನಾಯುವಿಗೆ ಕಟ್ಟಿಹಾಕಿರುತ್ತವೆ. ಹತ್ತಿರದ್ದನ್ನು ನೋಡುವಾಗ ಈ ಉಂಗುರ ಕುಗ್ಗುತ್ತದೆ, ಎಳೆಗಳು ಸಡಿಲಾಗುತ್ತವೆ, ಬಿಗಿ ತಪ್ಪಿದ ಮಸೂರ ತನ್ನಷ್ಟಕ್ಕೆ ಉಬ್ಬುತ್ತದೆ. ಸ್ನಾಯು ಬಿಗಿಯಾದಾಗ ಎಳೆಗಳು ಸಡಿಲಾಗುತ್ತವೆ ಎಂಬುದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ತಲೆಕೆಳಗಾಗಿ ಅರ್ಥವಾಗುವ ಮಾತು. ನಲವತ್ತರ ಹೊತ್ತಿಗೆ ಮಸೂರವೇ ಗಡುಸಾಗಿ ಉಬ್ಬಲು ಒಲ್ಲದಾಗುವ ಸ್ಥಿತಿಯೇ ಚಾಳೀಸು. ಅದು ರೋಗವಲ್ಲ, ಕನ್ನಡಕದಿಂದ ನೀಗುತ್ತದೆ.

ಮಸೂರದೊಳಗಿನ ಪ್ರೋಟೀನುಗಳು ಕ್ರಮೇಣ ಕೆಟ್ಟು ಅದು ಮಂಜುಗಟ್ಟಿದರೆ ಪೊರೆ. ಕಣ್ಣಿನ ಮೇಲೆ ಬೆಳೆಯುವ ಚರ್ಮವೆಂದು ಹಲವರು ಭಾವಿಸಿರುವುದರಿಂದ, ಪೊರೆ ಪಾಪೆಯ ಹಿಂದೆ ಇರುತ್ತದೆಂದು ಒತ್ತಿ ಹೇಳಬೇಕಾಗುತ್ತದೆ. ಊರೂರಿಗೆ ಹೋಗಿ ಶಿಬಿರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದ ಡಾ. ಎಂ.ಸಿ. ಮೋದಿ ಅವರ ಹೆಸರು ರಾಜಾಜಿನಗರದ ಕಡೆಯವರಿಗೆ ಅವರ ಆಸ್ಪತ್ರೆಯ ರಸ್ತೆಯಿಂದಲೂ ಪರಿಚಿತ. ಆ ಕಾಲದಲ್ಲಿ ಮಸೂರ ತೆಗೆಸಿಕೊಂಡವರು ಉಳಿದ ಆಯಸ್ಸನ್ನೆಲ್ಲ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕದಲ್ಲಿ ಕಳೆಯುತ್ತಿದ್ದರು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಇಟ್ಟರಾದರೂ ಅದು ಸಾಮಾನ್ಯ ಜನರವರೆಗೆ ಬರಲು ದಶಕಗಳೇ ಹಿಡಿದವು. ಈಗ ಮಸೂರದ ತಿರುಳನ್ನಷ್ಟೇ ಹೀರಿ, ಅದರ ಚೀಲವನ್ನು ಉಳಿಸಿಕೊಂಡು, ಆ ಚೀಲದೊಳಗೇ ಕೃತಕ ಮಸೂರವನ್ನು ಕೂರಿಸುತ್ತಾರೆ.

ಪ್ರಶ್ನೆ: ಪ್ರತಿಯೊಬ್ಬರ ಕಣ್ಣಿನಲ್ಲೂ ಕುರುಡು ಚುಕ್ಕೆ ಇದೆಯಂತೆ, ನಿಜವೇ?

ನಿಜ, ಮನೆಯಲ್ಲೇ ನೋಡಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಎರಡು ತೊಗರಿ ಕಾಳುಗಳನ್ನು 8 ಸೆಂ.ಮೀ. ಅಂತರದಲ್ಲಿ ಎಡಬಲಕ್ಕೆ ಅಂಟಿಸಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಕಾಳನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಸರಿಸಿದರೆ, ಸುಮಾರು 30 ಸೆಂ.ಮೀ. ದೂರದಲ್ಲಿ ಬಲಗಡೆಯ ಕಾಳು ಮಾಯವಾಗುತ್ತದೆ. ಮೇಕೆಯ ಕಣ್ಣಿನಲ್ಲಿ ಅಕ್ಷಿಪಟಲ ಬಿಡದೆ ಅಂಟಿಕೊಂಡಿದ್ದ ಚುಕ್ಕೆಯನ್ನು ನೆನಪಿಸಿಕೊಳ್ಳಿ. ನರ ಹೊರಬೀಳುವ ಆ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಕಾಳು ಹೋದ ಜಾಗದಲ್ಲಿ ಕಪ್ಪು ತೂತು ಕಾಣದೆ ಬಿಳಿ ಹಾಳೆಯೇ ಕಾಣುವುದನ್ನು ಗಮನಿಸಿ. ಕೊರತೆಯನ್ನು ಮೆದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾದಲ್ಲಿ ದೃಷ್ಟಿಯ ಅಂಚುಗಳು ವರ್ಷಗಟ್ಟಲೆ ಸವೆಯುತ್ತಿದ್ದರೂ ರೋಗಿಗೆ ಅರಿವಾಗದಿರುವುದಕ್ಕೆ ಮೆದುಳಿನ ಈ ಗುಣವೂ ಒಂದು ಕಾರಣ.

ಪ್ರಶ್ನೆ: ಕಣ್ಣನ್ನು ಆಡಿಸುವ ಸ್ನಾಯುಗಳು ಎಷ್ಟು? ಯಾವುದು ಎತ್ತ ಎಳೆಯುತ್ತದೆ?

ಒಂದೊಂದು ಕಣ್ಣಿಗೂ ಆರು. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಭರತನಾಟ್ಯ ಕಲಿಯುವ ಮಕ್ಕಳಿಗೆ ಎಂಟು ದೃಷ್ಟಿಭೇದಗಳನ್ನು ಅಭ್ಯಾಸ ಮಾಡಿಸುತ್ತಾರಲ್ಲ, ಅವುಗಳ ನೆನಪಿದ್ದರೆ ಈ ಪಾಠ ಅರ್ಧ ಮುಗಿದಂತೆ. ತಲೆ ಅಲುಗದೆ ಎಡಕ್ಕೂ ಬಲಕ್ಕೂ ನೋಡುವ ಪ್ರಲೋಕಿತದಲ್ಲಿ ಒಳ ನೇರಸ್ನಾಯು ಮತ್ತು ಹೊರ ನೇರಸ್ನಾಯು ಸರದಿಯಂತೆ ದುಡಿಯುತ್ತವೆ. ಮೇಲಕ್ಕೆ ನೋಡುವ ಉಲ್ಲೋಕಿತದಲ್ಲಿ ಮೇಲಿನ ನೇರಸ್ನಾಯು, ಕೆಳಕ್ಕೆ ನೋಡುವ ಅವಲೋಕಿತದಲ್ಲಿ ಕೆಳಗಿನ ನೇರಸ್ನಾಯು ಮುಖ್ಯ ಪಾತ್ರ ವಹಿಸುತ್ತವೆ. ಕಣ್ಣನ್ನು ಸುತ್ತು ತಿರುಗಿಸುವ ಆಲೋಕಿತದಲ್ಲಿ ಆರೂ ಸ್ನಾಯುಗಳು ಸರಪಳಿಯಂತೆ ಒಂದರ ಹಿಂದೆ ಒಂದು ಬಿಗಿದು ಸಡಿಲಾಗುತ್ತವೆ.

ಈ ನಾಲ್ಕು ನೇರಸ್ನಾಯುಗಳು ಕಣ್ಣುಗೂಡಿನ ತುದಿಯಲ್ಲಿ, ದೃಷ್ಟಿನರವನ್ನು ಸುತ್ತುವರಿದ ಉಂಗುರವೊಂದರಿಂದ ಹೊರಟು ಬಿಳಿಗುಡ್ಡೆಗೆ ಬಂದು ಅಂಟಿಕೊಳ್ಳುತ್ತವೆ. ಕಾರ್ನಿಯಾದ ಅಂಚಿನಿಂದ ಒಳ ನೇರಸ್ನಾಯು 5.5 ಮಿ.ಮೀ. ದೂರದಲ್ಲಿ, ಮೇಲಿನದು 7.7 ಮಿ.ಮೀ. ದೂರದಲ್ಲಿ ಅಂಟಿರುತ್ತದೆ, ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ ಮಾಡುವವರಿಗೆ ಈ ಅಂಕಿಗಳು ಬಾಯಿಪಾಠ.

ಉಳಿದ ಎರಡು ಓರೆಸ್ನಾಯುಗಳು. ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಮೇಲಿನ ಓರೆಸ್ನಾಯು. ಅದು ಗೂಡಿನ ಹಿಂದಿನಿಂದ ಹೊರಟು, ಮೂಗಿನ ಪಕ್ಕದ ಮೇಲ್ಮೂಲೆಯಲ್ಲಿರುವ ಮೃದ್ವಸ್ಥಿಯ ಪುಟ್ಟ ಬಳೆಯೊಳಗೆ ತನ್ನ ಹಗ್ಗದಂಥ ತುದಿಯಾದ ಕಂಡರವನ್ನು ತೂರಿಸಿ, ಅಲ್ಲಿಂದ ಹಿಂದಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಸೇರುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ: ಸ್ನಾಯು ಹಿಂದಕ್ಕೆ ಎಳೆದರೂ ರಾಟೆಯ ದೆಸೆಯಿಂದ ಗುಡ್ಡೆಯ ಹಿಂಭಾಗ ಮೇಲಕ್ಕೆದ್ದು ನೋಟ ಕೆಳಕ್ಕೆ ಬೀಳುತ್ತದೆ. ಮೂಗಿನ ಕಡೆಗೆ ತಿರುಗಿದ ಕಣ್ಣನ್ನು ಕೆಳಕ್ಕಿಳಿಸುವುದು ಹೆಚ್ಚಾಗಿ ಇದೇ ಸ್ನಾಯು. ಪುಸ್ತಕ ಓದುವುದಕ್ಕೆ, ಮೆಟ್ಟಿಲಿಳಿಯುವುದಕ್ಕೆ ಬೇಕಾದದ್ದು ಈ ಚಲನೆ. ಕೆಳಗಿನ ಓರೆಸ್ನಾಯು ಒಂದು ಮಾತ್ರ ಗೂಡಿನ ಹಿಂಭಾಗದಿಂದ ಹೊರಡದೆ ಮುಂಭಾಗದಲ್ಲಿ, ಮೂಗಿನ ಬದಿಯ ಮೂಳೆಯಿಂದ ಹೊರಡುತ್ತದೆ.

ಪ್ರಶ್ನೆ: ‘ಕಣ್ಣಿನ ನರ ವೀಕ್ ಆಗಿದೆ’ ಎನ್ನುತ್ತಾರೆ. ಯಾವ ನರ?

ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕಣ್ಣಿಗೆ ಬರುವ ನರ ಒಂದಲ್ಲ. ಮೆದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ಕಪಾಲನರಗಳಲ್ಲಿ ಆರು ಜೊತೆಗೆ ಕಣ್ಣಿನ ಕೆಲಸವಿದೆ. ಎರಡನೆಯದು ದೃಷ್ಟಿನರ. ಮೂರು, ನಾಲ್ಕು ಮತ್ತು ಆರನೆಯವು ಸ್ನಾಯುಗಳನ್ನು ಆಡಿಸುತ್ತವೆ. ಐದನೆಯದು ಸ್ಪರ್ಶವನ್ನೂ ನೋವನ್ನೂ ತಿಳಿಸುತ್ತದೆ. ಏಳನೆಯದು ರೆಪ್ಪೆಯನ್ನು ಮುಚ್ಚುತ್ತದೆ. ಯಾವುದು ಕೆಟ್ಟಿದೆ ಎಂಬುದರ ಮೇಲೆ ಚಿಕಿತ್ಸೆಯೂ ಅವಸರವೂ ಬೇರೆಯಾಗುತ್ತವೆ.

ಮೂರನೆಯ ನರಕ್ಕೆ ಹೊರೆ ಹೆಚ್ಚು. ಹೊರ ನೇರಸ್ನಾಯು ಮತ್ತು ಮೇಲಿನ ಓರೆಸ್ನಾಯುವನ್ನು ಬಿಟ್ಟು ಉಳಿದ ನಾಲ್ಕು ಸ್ನಾಯುಗಳು, ಮೇಲಿನ ರೆಪ್ಪೆಯನ್ನು ಎತ್ತುವ ಸ್ನಾಯು, ಪಾಪೆಯನ್ನು ಕಿರಿದಾಗಿಸುವ ಎಳೆಗಳು ಎಲ್ಲವೂ ಇದರ ಪಾಲಿಗೆ ಬಂದಿವೆ. ಇದು ಸೋತರೆ ರೆಪ್ಪೆ ಜೋತುಬೀಳುತ್ತದೆ, ಕಣ್ಣು ಹೊರಕ್ಕೂ ಕೆಳಕ್ಕೂ ವಾಲುತ್ತದೆ. ಆಗ ವೈದ್ಯರು ಮೊದಲು ನೋಡುವುದು ಪಾಪೆಯನ್ನು. ಪಾಪೆಗೆ ಹೋಗುವ ಎಳೆಗಳು ನರದ ಹೊರಮೈಯಲ್ಲಿ ಸಾಗುವುದರಿಂದ, ಹೊರಗಿನಿಂದ ಏನಾದರೂ ಒತ್ತಿದರೆ ಪಾಪೆ ಹಿಗ್ಗುತ್ತದೆ. ಮೆದುಳಿನ ರಕ್ತನಾಳ ಉಬ್ಬಿ ಒಡೆಯುವ ಹಂತದಲ್ಲಿರುವುದು ಅಂಥ ಒಂದು ಕಾರಣ, ಅಲ್ಲಿ ಒಂದು ದಿನವೂ ಕಾಯುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ನರದ ಒಳಗಿನ ಸಣ್ಣ ರಕ್ತನಾಳ ಕಟ್ಟಿಕೊಂಡರೆ ಪಾಪೆ ಸಾಮಾನ್ಯವಾಗಿ ಸರಿಯಾಗಿಯೇ ಉಳಿಯುತ್ತದೆ, ಮತ್ತು ಬಹುಪಾಲು ಜನರಿಗೆ ಮೂರು ತಿಂಗಳ ಆಸುಪಾಸಿನಲ್ಲಿ ಗುಣ ಕಾಣುತ್ತದೆ. ಆದರೆ ಈ ವ್ಯತ್ಯಾಸವನ್ನು ತೀರ್ಮಾನಿಸಬೇಕಾದವರು ವೈದ್ಯರು. ಮನೆಯಲ್ಲಿ ಕನ್ನಡಿ ನೋಡಿ ನಿರ್ಧರಿಸಬೇಡಿ.

ನಾಲ್ಕನೆಯ ನರದ ಪಾಲಿಗಿರುವುದು ರಾಟೆಯ ಮೂಲಕ ಹಾಯುವ ಆ ಮೇಲಿನ ಓರೆಸ್ನಾಯು ಒಂದೇ. ಇದು ಎಲ್ಲ ಕಪಾಲನರಗಳಲ್ಲಿ ಅತಿ ತೆಳುವಾದದ್ದು, ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳುಕಾಂಡದ ಹಿಂಬದಿಯಿಂದ ಹೊರಬರುವುದು ಇದೊಂದೇ, ತಲೆಬುರುಡೆಯೊಳಗೆ ಅತಿ ಉದ್ದದ ದಾರಿ ಸವೆಸುವುದೂ ಇದೇ. ಹೀಗಾಗಿ ತಲೆಗೆ ಪೆಟ್ಟು ಬಿದ್ದಾಗ ಸುಲಭವಾಗಿ ಜಖಂಗೊಳ್ಳುತ್ತದೆ. ದ್ವಿಚಕ್ರ ವಾಹನದಿಂದ ಬಿದ್ದು ‘ಗಾಯ ವಾಸಿಯಾಗಿದೆ, ಆದರೆ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ’ ಎಂದು ಬರುವವರನ್ನು ಈ ನಗರದಲ್ಲಿ ಕಾಣುತ್ತಲೇ ಇರುತ್ತೇವೆ. ಅವರು ತಮಗೇ ಅರಿವಿಲ್ಲದೆ ತಲೆಯನ್ನು ತೊಂದರೆಯಿರುವ ಕಣ್ಣಿನ ಎದುರು ಬದಿಯ ಭುಜದತ್ತ ವಾಲಿಸಿರುತ್ತಾರೆ, ಏಕೆಂದರೆ ಹಾಗೆ ಮಾಡಿದರೆ ಎರಡು ಬಿಂಬಗಳು ಒಂದಾಗುತ್ತವೆ.

ಆರನೆಯ ನರ ಹೊರ ನೇರಸ್ನಾಯುವಿಗೆ ಮೀಸಲು. ತಲೆಬುರುಡೆಯೊಳಗಿನ ಒತ್ತಡ ಯಾವುದೇ ಕಾರಣಕ್ಕೆ ಏರಿದರೂ ಮೂಳೆಯ ಏಣಿನ ಮೇಲೆ ಬಾಗಿ ಸಾಗುವ ಈ ನರ ಎಳೆತಕ್ಕೆ ಸಿಕ್ಕಿ ಕಣ್ಣು ಒಳಕ್ಕೆ ತಿರುಗಬಹುದು. ಮಗುವಿಗೆ ಬೆಳಗಿನ ತಲೆನೋವು, ವಾಂತಿಯ ಜೊತೆಗೆ ಹೊಸದಾಗಿ ಮೆಳ್ಳೆಗಣ್ಣು ಕಾಣಿಸಿಕೊಂಡರೆ ಕನ್ನಡಕದ ಅಂಗಡಿಗೆ ಹೋಗದೆ ನರರೋಗ ತಜ್ಞರಿರುವ ಆಸ್ಪತ್ರೆಗೆ ಅಂದೇ ಹೋಗಬೇಕು.

ಇವಲ್ಲದೆ ಇನ್ನೊಂದು ದಾರಿಯೂ ಇದೆ. ಪಾಪೆಯನ್ನು ಹಿಗ್ಗಿಸುವ ನರದೆಳೆಗಳು ಮೆದುಳಿನಿಂದ ಬೆನ್ನುಹುರಿಯಲ್ಲಿ ಎದೆಯ ಮಟ್ಟಕ್ಕೆ ಇಳಿದು, ಶ್ವಾಸಕೋಶದ ತುದಿಯ ಮೇಲೆ ಹಾಯ್ದು, ಕತ್ತಿನ ರಕ್ತನಾಳವನ್ನು ಹಿಡಿದು ಮತ್ತೆ ಕಣ್ಣಿಗೆ ಏರುತ್ತವೆ. ಇಷ್ಟು ಸುತ್ತಿ ಬರುವ ಕಾರಣ, ಶ್ವಾಸಕೋಶದ ತುದಿಯಲ್ಲಿ ಬೆಳೆದ ಗಡ್ಡೆಯೊಂದು ಸಣ್ಣಗಾದ ಪಾಪೆ ಮತ್ತು ಕೊಂಚ ಇಳಿದ ರೆಪ್ಪೆಯಾಗಿ ಕಣ್ಣಿನಲ್ಲಿ ಕಾಣಿಸಿಕೊಳ್ಳಬಲ್ಲದು.

ಪ್ರಶ್ನೆ: ಒಂದು ವಸ್ತು ಎರಡಾಗಿ ಕಾಣುತ್ತಿದೆ. ಪವರ್ ಬದಲಾಗಿರಬಹುದೇ?

ಮೊದಲು ಒಂದು ಕಣ್ಣನ್ನು, ಆಮೇಲೆ ಇನ್ನೊಂದನ್ನು ಅಂಗೈಯಿಂದ ಮುಚ್ಚಿ ನೋಡಿ. ಯಾವ ಕಣ್ಣನ್ನು ಮುಚ್ಚಿದರೂ ಎರಡು ಬಿಂಬ ಒಂದಾಗುವುದಾದರೆ, ಕಣ್ಣುಗಳು ಒಂದೇ ಕಡೆಗೆ ಗುರಿಯಿಡುತ್ತಿಲ್ಲ ಎಂದರ್ಥ. ಸ್ನಾಯು ಅಥವಾ ನರದ ತೊಂದರೆಯಿದ್ದು, ಹಠಾತ್ತನೆ ಬಂದಿದ್ದರೆ ತುರ್ತು. ಒಂದು ಕಣ್ಣನ್ನು ಮುಚ್ಚಿದ ಮೇಲೂ ಉಳಿದ ಕಣ್ಣಿಗೆ ಎರಡಾಗಿಯೇ ಕಂಡರೆ ತೊಂದರೆ ಹೆಚ್ಚಾಗಿ ಆ ಕಣ್ಣಿನ ಕಾರ್ನಿಯಾ ಅಥವಾ ಮಸೂರದ್ದು. ಬೆಳಿಗ್ಗೆ ಸರಿಯಾಗಿದ್ದು ಸಂಜೆಯ ಹೊತ್ತಿಗೆ ರೆಪ್ಪೆ ಇಳಿದು ಎರಡಾಗಿ ಕಾಣುವವರಲ್ಲಿ ನರವೂ ಸ್ನಾಯುವೂ ಸೇರುವ ಜಾಗದ ಕಾಯಿಲೆಯಾದ ಮಯಸ್ತೇನಿಯಾ ಇರಬಹುದು, ಅದಕ್ಕೆ ಔಷಧಿಯಿದೆ.

ಪ್ರಶ್ನೆ: ಎರಡು ಕಣ್ಣುಗಳು ಯಾವಾಗಲೂ ಜೊತೆಯಾಗಿ ಚಲಿಸುವುದು ಹೇಗೆ?

ಎಡಕ್ಕೆ ನೋಡುವಾಗ ಎಡಗಣ್ಣಿನ ಹೊರ ನೇರಸ್ನಾಯುವಿಗೆ ಆರನೆಯ ನರವೂ ಬಲಗಣ್ಣಿನ ಒಳ ನೇರಸ್ನಾಯುವಿಗೆ ಮೂರನೆಯ ನರವೂ ಏಕಕಾಲಕ್ಕೆ, ಸಮಪ್ರಮಾಣದಲ್ಲಿ ಆಜ್ಞೆ ಒಯ್ಯಬೇಕು. ಎದುರಾಳಿ ಸ್ನಾಯುಗಳು ಅಷ್ಟೇ ಸಡಿಲಾಗಬೇಕು. ಮೆದುಳುಕಾಂಡದಲ್ಲಿ ಈ ನರಗಳ ಮೂಲಗಳನ್ನು ಬೆಸೆಯುವ ಎಳೆಗಳ ಕಟ್ಟೊಂದು ಇದನ್ನು ಸಾಧಿಸುತ್ತದೆ.

ಎಂ.ಜಿ. ರಸ್ತೆಯಿಂದ ಇಂದಿರಾನಗರದ ಕಡೆಗೆ ಮೆಟ್ರೊ ಮೇಲ್ಸೇತುವೆಯ ಮೇಲೆ ಹೋಗುವಾಗ ಕಿಟಕಿಯಾಚೆ ನೋಡುತ್ತಿರುವ ಮಗುವಿನ ಕಣ್ಣುಗಳನ್ನು ಗಮನಿಸಿ. ಕಟ್ಟಡವೊಂದನ್ನು ಹಿಂಬಾಲಿಸುತ್ತಾ ಮೆಲ್ಲಗೆ ಹಿಂದಕ್ಕೆ ಸರಿದ ಕಣ್ಣುಗಳು ಫಕ್ಕನೆ ಮುಂದಕ್ಕೆ ಜಿಗಿದು ಮತ್ತೊಂದನ್ನು ಹಿಡಿಯುತ್ತವೆ. ಮಗುವಿಗೆ ಇದರ ಪರಿವೆಯೇ ಇರುವುದಿಲ್ಲ. ಆಟೊ ಗುಂಡಿಯಲ್ಲಿ ಇಳಿದೆದ್ದರೂ ಅಂಗಡಿಯ ಬೋರ್ಡನ್ನು ಓದಲಾಗುವುದು ಒಳಗಿವಿಯ ನೆರವಿನಿಂದ. ತಲೆ ಅಲುಗಿದ ಸುದ್ದಿ ಒಳಗಿವಿಯಿಂದ ಹೊರಟು ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಕಣ್ಣಿನ ಸ್ನಾಯುಗಳನ್ನು ತಲುಪಿ, ಕಣ್ಣು ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗುತ್ತದೆ. ಬೆರಳನ್ನು ನಿಲ್ಲಿಸಿ ತಲೆಯನ್ನು ಅಲ್ಲಾಡಿಸಿ ನೋಡಿ, ಬೆರಳ ಗೆರೆಗಳು ಸ್ಪಷ್ಟವಾಗಿರುತ್ತವೆ. ತಲೆಯನ್ನು ನಿಲ್ಲಿಸಿ ಬೆರಳನ್ನು ಅದೇ ವೇಗದಲ್ಲಿ ಅಲ್ಲಾಡಿಸಿದರೆ ಗೆರೆಗಳು ಕಲಸಿಹೋಗುತ್ತವೆ.

ಪ್ರಶ್ನೆ: ಮೆಳ್ಳೆಗಣ್ಣು ಅದೃಷ್ಟವಂತೆ. ದೊಡ್ಡವರಾದ ಮೇಲೆ ತಾನೇ ಸರಿಹೋಗುತ್ತದೆಯೇ?

ಎರಡೂ ತಪ್ಪು, ಮತ್ತು ಎರಡನೆಯ ತಪ್ಪು ಮಕ್ಕಳ ದೃಷ್ಟಿಯನ್ನೇ ಕಸಿದುಕೊಳ್ಳುತ್ತದೆ. ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಕಣ್ಣು ಆಗಾಗ ಅತ್ತಿತ್ತ ವಾಲುವುದು ಸಹಜ. ಮೂಗಿನ ಬುಡ ಅಗಲವಿರುವ ಮಗುವಿನಲ್ಲಿ ಕಣ್ಣು ನೆಟ್ಟಗಿದ್ದರೂ ವಾಲಿದಂತೆ ಕಾಣುವುದೂ ಉಂಟು. ಅದನ್ನು ಮೀರಿ ಉಳಿಯುವ ವಾಲಿಕೆಯನ್ನು ತೋರಿಸಲೇಬೇಕು.

ಎರಡು ಕಣ್ಣುಗಳು ಬೇರೆ ಬೇರೆ ಕಡೆ ನೋಡಿದಾಗ ಮಗುವಿನ ಮೆದುಳಿಗೆ ಎರಡು ಚಿತ್ರಗಳು ಬರುತ್ತವೆ. ಬೆಳೆಯುತ್ತಿರುವ ಮೆದುಳು ಗೊಂದಲ ತಪ್ಪಿಸಿಕೊಳ್ಳಲು ವಾಲಿದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ, ಕಾಲಕ್ರಮದಲ್ಲಿ ಆ ಕಣ್ಣಿನಿಂದ ನೋಡುವುದನ್ನು ಕ್ಯಾಮೆರಾದಂಥ ಗುಡ್ಡೆ ಸರಿಯಿದ್ದರೂ ಕಲಿಯುವುದೇ ಇಲ್ಲ. ಇದಕ್ಕೆ ಸೋಮಾರಿ ಕಣ್ಣು ಎಂಬ ಹೆಸರಿದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ.

ಒಂದು ಶಾಲಾ ಶಿಬಿರದಲ್ಲಿ ಹನ್ನೊಂದು ವರ್ಷದ ಹುಡುಗಿಯ ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿದ ಕೂಡಲೇ ಅವಳು ನನ್ನ ಕೈಯನ್ನು ಸರಿಸಲು ನೋಡಿದಳು. “ಎಡಗಣ್ಣಲ್ಲಿ ಬೋರ್ಡೇ ಕಾಣಲ್ಲ ಮಿಸ್” ಎಂದಳು. ಜೊತೆಗೆ ಬಂದಿದ್ದ ಅಜ್ಜಿ, “ಲಕ್ಷ್ಮೀ ಕಣ್ಣು ಅಂತ ಬಿಟ್ಬಿಟ್ವಿ ಮೇಡಂ, ಚಿಕ್ಕೋಳಿದ್ದಾಗ ತೋರಿಸಿದ್ದಕ್ಕೆ ಬೆಳೀತಾ ಸರಿಹೋಗತ್ತೆ ಅಂದ್ರು” ಎಂದರು. ಯಾರು ಹಾಗೆ ಹೇಳಿದರೋ ನಾನು ಕೇಳಲಿಲ್ಲ. ಕನ್ನಡಕವನ್ನೂ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿಯನ್ನೂ ಕೊಡಿಸಿದೆವು, ಸ್ವಲ್ಪ ಸುಧಾರಿಸಿತು. ನಾಲ್ಕನೆಯ ವರ್ಷದಲ್ಲಿ ಇದನ್ನೇ ಮಾಡಿದ್ದರೆ ಫಲ ಎಷ್ಟೋ ಹೆಚ್ಚಿರುತ್ತಿತ್ತು ಎಂಬ ನೋವು ನನಗೆ ಇಂದಿಗೂ ಹೋಗಿಲ್ಲ.

ಕೆಲವು ಮಕ್ಕಳಿಗೆ ಸರಿಯಾದ ಕನ್ನಡಕವೊಂದರಿಂದಲೇ ಕಣ್ಣು ನೆಟ್ಟಗಾಗುತ್ತದೆ. ಬೇಕಾದವರಿಗೆ ಸ್ನಾಯುವನ್ನು ಅಂಟಿದ ಜಾಗದಿಂದ ಬಿಡಿಸಿ ಕೆಲವೇ ಮಿ.ಮೀ. ಹಿಂದಕ್ಕೆ ಹೊಲಿಯುತ್ತಾರೆ, ಇಲ್ಲವೇ ಮೊಟಕುಗೊಳಿಸುತ್ತಾರೆ. ಇದರಲ್ಲಿ ಕಣ್ಣುಗುಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ. ಆ ಭಯದಿಂದ ಹಿಂಜರಿಯುವ ತಂದೆತಾಯಿ ಇಂದಿಗೂ ಇದ್ದಾರೆ. ಇನ್ನೊಂದು ಮಾತು: ಫೋಟೊದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ಅಕ್ಷಿಪಟಲದ ಕ್ಯಾನ್ಸರ್ ಇರುವ ಸಾಧ್ಯತೆಯಿರುವುದರಿಂದ ಆ ವಾರವೇ ತೋರಿಸಿ.

ಪ್ರಶ್ನೆ: ಕಣ್ಣು ಅದುರುವುದು ಶಕುನವೇ?

ಗಂಡಿಗೆ ಬಲಗಣ್ಣು, ಹೆಣ್ಣಿಗೆ ಎಡಗಣ್ಣು ಅದುರಿದರೆ ಶುಭ ಎಂಬ ನಂಬಿಕೆ ಹಳೆಯದು. ಅಲ್ಲಿ ಅದುರುವುದು ಕಣ್ಣಲ್ಲ, ರೆಪ್ಪೆಯನ್ನು ಮುಚ್ಚುವ ವರ್ತುಲ ಸ್ನಾಯುವಿನ ಕೆಲವು ಎಳೆಗಳು. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ ಬಂದು ತಾನೇ ಹೋಗುತ್ತದೆ. ಕೆನ್ನೆ, ತುಟಿಯೂ ಸೇರಿ ಮುಖದ ಅರ್ಧಭಾಗ ಸೆಳೆಯತೊಡಗಿದರೆ ಮಾತ್ರ ಏಳನೆಯ ನರವನ್ನು ಪರೀಕ್ಷಿಸಬೇಕು. ಮುಖ ಸೊಟ್ಟಗಾದವರಲ್ಲಿ ಇದೇ ನರ ಸೋತು ರೆಪ್ಪೆ ಮುಚ್ಚುವುದಿಲ್ಲ; ರಾತ್ರಿ ಆ ಕಣ್ಣಿಗೆ ಮುಲಾಮು ಹಾಕಿ ಮುಚ್ಚದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗುತ್ತದೆ.

ಪ್ರಶ್ನೆ: ಕಣ್ಣಿಗೆ ಹಾಕಿದ ಔಷಧಿ ಗಂಟಲಲ್ಲಿ ಕಹಿಯಾಗುವುದೇಕೆ?

ರೆಪ್ಪೆಯ ಒಳಮೂಲೆಯ ಸೂಜಿಮೊನೆಯಷ್ಟು ರಂಧ್ರಗಳಿಂದ ಕಣ್ಣೀರು ನಾಳವೊಂದರ ಮೂಲಕ ಮೂಗಿಗೆ ಇಳಿಯುತ್ತದೆ, ಔಷಧಿಯೂ ಅದೇ ದಾರಿ ಹಿಡಿಯುತ್ತದೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಆ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಮೆಲ್ಲಗೆ ಒತ್ತಿಹಿಡಿದರೆ ಔಷಧಿ ಕಣ್ಣಿನಲ್ಲೇ ಉಳಿಯುತ್ತದೆ.

ಪ್ರಶ್ನೆ: ಕಣ್ಣಿನ ವ್ಯಾಯಾಮದಿಂದ ಕನ್ನಡಕವನ್ನು ಬಿಡಬಹುದೇ?

ಸಮೀಪದೃಷ್ಟಿ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಉದ್ದವಾಗುವುದರಿಂದ. ಆರು ಸ್ನಾಯುಗಳನ್ನು ಎಷ್ಟು ತಿರುಗಿಸಿದರೂ ಗುಡ್ಡೆಯ ಉದ್ದ ಕಡಿಮೆಯಾಗದು. ಓದುವಾಗ ಎರಡು ಕಣ್ಣುಗಳನ್ನು ಮೂಗಿನತ್ತ ಕೂಡಿಸಲಾಗದೆ ತಲೆನೋವು ಬರುವವರಿಗೆ ಮಾತ್ರ, ತಜ್ಞರು ಹೇಳಿಕೊಟ್ಟ ಅಭ್ಯಾಸದಿಂದ ನಿಜವಾದ ಪ್ರಯೋಜನವಿದೆ. ಮಕ್ಕಳು ದಿನವೂ ಹೊರಗಿನ ಬೆಳಕಿನಲ್ಲಿ ಆಡಿದರೆ ಸಮೀಪದೃಷ್ಟಿ ಶುರುವಾಗುವ ಸಂಭವ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಅಪಾರ್ಟ್‌ಮೆಂಟಿನ ಒಳಗೇ ಬೆಳೆಯುವ ನಮ್ಮ ಮಕ್ಕಳ ವಿಷಯದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಪ್ರಶ್ನೆ: ಸ್ನಾಯು ಅಥವಾ ನರದ ತೊಂದರೆಗೆ ವೈದ್ಯರನ್ನು ಕಾಣುವಾಗ ಏನು ಕೊಂಡೊಯ್ಯಬೇಕು?

1896ರಷ್ಟು ಹಿಂದೆಯೇ ಆರಂಭವಾದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಿ, ಬೇರೆಡೆಗೆ ಹೋಗಿ, ಹಳೆಯ ಕನ್ನಡಕವನ್ನೂ ಸಕ್ಕರೆ ಮತ್ತು ರಕ್ತದೊತ್ತಡದ ಚೀಟಿಗಳನ್ನೂ ಮರೆಯಬೇಡಿ. ಅವುಗಳ ಜೊತೆಗೆ ಮನೆಯ ಆಲ್ಬಮ್ಮಿನಿಂದ ಕೆಲವು ಹಳೆಯ ಫೋಟೊಗಳನ್ನು ತೆಗೆದುಕೊಂಡು ಹೋಗಿ: ನಾಮಕರಣದ್ದು, ಶಾಲೆಯ ಗುಂಪಿನದ್ದು, ಮದುವೆಯದ್ದು. ನಲವತ್ತೈದರಲ್ಲಿ ಎರಡಾಗಿ ಕಾಣತೊಡಗಿದವರ ಮೂರನೆಯ ತರಗತಿಯ ಫೋಟೊದಲ್ಲೂ ತಲೆ ಅದೇ ಭುಜದತ್ತ ವಾಲಿದ್ದರೆ, ನಾಲ್ಕನೆಯ ನರದ ದೌರ್ಬಲ್ಯ ಹುಟ್ಟಿನಿಂದಲೇ ಇದ್ದು ಈಗ ಹೊರಬಿದ್ದಿದೆ ಎಂದು ವೈದ್ಯರಿಗೆ ತಿಳಿಯುತ್ತದೆ, ಹೊಸ ಕಾಯಿಲೆಯ ಆತಂಕವೂ ಹಲವು ಪರೀಕ್ಷೆಗಳೂ ತಪ್ಪುತ್ತವೆ. ಫೋಟೊ ಚೌಕಟ್ಟಿನಲ್ಲಿದ್ದರೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೋದರೂ ಸಾಕು, ಮುಖ ಸ್ಪಷ್ಟವಾಗಿ ಕಾಣುವಂತಿರಲಿ.